ಅರ್ಧ ರೀಲು ದಾರ

ಮಕ್ಕಳು ಹೊಡೆದಾಟದ ಪುಸ್ತಕವೆಂದು ಕರೆಯುತ್ತಿದ್ದ ಆ ನೋಟ್‌ಬುಕ್ಕನ್ನು ಬದರಿನಾಥರು ಎರಡು ಸಲ ತಿರುವಿಹಾಕಿದರು. ಎಂಬತ್ಮೂರರ ದಸರಾ ರಜೆಗೆ ಇನ್ನು ನಾಲ್ಕೇ ದಿನವಿತ್ತು. ಜಯನಗರದ ಈ ಹೈಸ್ಕೂಲಿನಲ್ಲಿ ಸತ್ಯಭಾಮಾ ಟೀಚರ್ ಜೂನ್‌ನಲ್ಲಿ ಶುರುಮಾಡಿದ ಏರ್ಪಾಡಿನಿಂದ ಹುಡುಗರ ಹೊಡೆದಾಟ ಕಡಿಮೆಯಾಗಿದೆಯೇ ಎಂದು ನೋಡಲು ಶಿಕ್ಷಣ ಇಲಾಖೆ ಅವರನ್ನು ಕಳಿಸಿತ್ತು. ಆಗಿಲ್ಲವೆಂದರೆ ರಜೆ ಮುಗಿದ ಮೇಲೆ ಬೆತ್ತ ವಾಪಸು ಬರುತ್ತದೆಂದು ಹೆಡ್‌ಮಾಸ್ಟರರು ಮೊದಲೇ ಹೇಳಿಬಿಟ್ಟಿದ್ದರು.

ಏರ್ಪಾಡು ಸರಳವಾದದ್ದು. ಹೊಡೆದಾಡಿದವರು ತಾವೇ ಬಂದು ನಡೆದದ್ದನ್ನು ಬರೆಯಬೇಕು. ಬರೆದವರಿಗೆ ಏಟಿಲ್ಲ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಇಬ್ಬರೂ ಹೊಂಗೆಮರದ ಕೆಳಗೆ ಎದುರುಬದುರು ಕೂತು, ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಹೇಳಬೇಕು. 'ಇವನು ನನ್ನ ಉಪ್ಪಿಟ್ಟು ತಿಂದ, ನಾನು ಇವನ ಕಿವಿ ಹಿಂಡಿದೆ, ಉಪ್ಪಿಟ್ಟು ಚೆನ್ನಾಗಿರಲಿಲ್ಲ ಎಂದ, ಮತ್ತೆ ಹಿಂಡಿದೆ' ಎಂದು ಒಬ್ಬ ಬರೆದದ್ದನ್ನು ಓದಿ ಬದರಿನಾಥರಿಗೂ ನಗು ಬಂತು. ಆದರೆ ಹೋದ ವರ್ಷ ಇಷ್ಟು ಹೊತ್ತಿಗೆ ಹೆಡ್‌ಮಾಸ್ಟರರ ದಾಖಲೆಯಲ್ಲಿದ್ದದ್ದು ಹದಿನಾಲ್ಕು ಹೊಡೆದಾಟ. ಈ ಪುಸ್ತಕದಲ್ಲಿ ಅರವತ್ತೊಂದು.

"ಜಾಸ್ತಿ ಆಗಿದೆಯಲ್ಲಮ್ಮ," ಎಂದರು.

ಬರೆಯುವವರು ಜಾಸ್ತಿಯಾಗಿದ್ದಾರೆಯೇ ಹೊರತು ಹೊಡೆದಾಟವಲ್ಲ, ಮೊದಲು ಬೆತ್ತಕ್ಕೆ ಹೆದರಿ ಮುಚ್ಚಿಡುತ್ತಿದ್ದರು ಎಂದು ಸತ್ಯಭಾಮಾ ಹೇಳಿದರು. ಬದರಿನಾಥರು ತಲೆಯಾಡಿಸಿದರು. ಇರಬಹುದು, ಆದರೆ ಹಾಗೆಂದು ತೋರಿಸುವುದು ಹೇಗೆ?

ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದಿದ್ದ ಆಯಾ ಸಪ್ಪಲಮ್ಮ ಬಾಗಿಲಲ್ಲೇ ನಿಂತರು. ಚಿಕ್ಕಲಸಂದ್ರದಿಂದ ದಿನಾ ನಡೆದು ಬಂದು ಹನ್ನೊಂದು ವರ್ಷದಿಂದ ಈ ಸ್ಕೂಲು ಗುಡಿಸುತ್ತಿದ್ದ ಹೆಂಗಸು. ಕೇಳದೆ ಮಾತಾಡುವವರಲ್ಲ. ಅಂದು ಒಳಗೆ ಹೋಗಿ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಸೂಜಿ, ಒಂದಷ್ಟು ಅಂಗಿ ಗುಂಡಿಗಳು, ಅರ್ಧ ಖರ್ಚಾದ ಬಿಳಿ ದಾರದ ರೀಲು.

ಅವರು ಹೇಳಿದ್ದು ಇಷ್ಟು. ಗುಂಡಿ ಕಿತ್ತ ಅಂಗಿಯಲ್ಲಿ ಮನೆಗೆ ಹೋದರೆ ಅಮ್ಮಂದಿರು ಸುಮ್ಮನಿರುವುದಿಲ್ಲ. ಅದಕ್ಕೇ ಹೊಡೆದಾಡಿದ ಹುಡುಗರು ಸಂಜೆ ಸ್ಟೋರ್ ರೂಮಿನ ಮೆಟ್ಟಿಲ ಹತ್ತಿರ ಬಂದು ಗುಂಡಿ ಹಾಕಿಸಿಕೊಂಡು ಹೋಗುತ್ತಾರೆ. ಪ್ರತಿ ವರ್ಷ ದಸರಾದೊಳಗೆ ಮೂರು ರೀಲು ಮುಗಿಯುತ್ತಿತ್ತು. ಈ ವರ್ಷ ತಂದದ್ದು ಇದೊಂದೇ, ಅದೂ ಜೂನ್‌ನಲ್ಲಿ.

ಬದರಿನಾಥರು ರೀಲನ್ನು ಬೆರಳಲ್ಲಿ ತಿರುಗಿಸಿದರು. "ಗೇಟಿನ ಆಚೆ ಹೊಡೆದಾಡ್ತಿದ್ರೆ?"

"ಎಲ್ಲಿ ಹೊಡೆದಾಡಿದ್ರೂ ಗುಂಡಿ ಕಿತ್ತೋಗತ್ತಲ್ಲ ಸಾರ್. ಬಸ್‌ಸ್ಟಾಪಲ್ಲಿ ಕಿತ್ಕೊಂಡ್ರೂ ವಾಪಸ್ ಓಡಿ ಬರ್ತಾವೆ."

ಸತ್ಯಭಾಮಾ ಮುಖ ಅರಳಿತು. ಬದರಿನಾಥರು ಪೆನ್ನು ತೆಗೆದರು. ಸಪ್ಪಲಮ್ಮ ಮಾತ್ರ ಡಬ್ಬಿ ಮುಚ್ಚಲಿಲ್ಲ. ಟೀಚರ ಮುಖ ನೋಡಿದರು, ಸೆರಗು ಸರಿಮಾಡಿಕೊಂಡರು, ಆಮೇಲೆ ಹೇಳಿದರು.

"ಇನ್ನೊಂದು ಮಾತಿದೆ. ಖರ್ಚಾಗಿರೋ ದಾರದಲ್ಲಿ ಮುಕ್ಕಾಲು ಒಂದೇ ಅಂಗಿಗೆ ಹೋಗಿದೆ. ಕೇಳಿದ್ರೆ ಬಿದ್ದೆ ಅಂತಾನೆ. ಹೆಸರು ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದೀನಿ."

ಪುಸ್ತಕ, ಹೊಂಗೆಮರ, ಶನಿವಾರ ಎಲ್ಲವೂ ಬಾಯಿಬಿಡುವ ಹುಡುಗರಿಗೆ. ಬಾಯಿಬಿಡದ ಒಬ್ಬನನ್ನು ಯಾರೋ ದಿನಾ ಹಿಡಿದೆಳೆಯುತ್ತಿದ್ದಾರೆ, ಅದು ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ಇದನ್ನು ಬರೆದರೆ ಹೆಡ್‌ಮಾಸ್ಟರರು ಅದನ್ನೇ ಹಿಡಿದುಕೊಳ್ಳುತ್ತಾರೆಂದು ಬದರಿನಾಥರಿಗೆ ಗೊತ್ತಿತ್ತು. ಪೆನ್ನು ಎತ್ತಿ ಹಿಡಿದು ಸತ್ಯಭಾಮಾರತ್ತ ನೋಡಿದರು. ಬೇಡವೆಂದಿದ್ದರೆ ಬಿಟ್ಟುಬಿಡುತ್ತಿದ್ದರೇನೋ.

"ಅದನ್ನೂ ಬರೀರಿ ಸಾರ್," ಎಂದರು ಸತ್ಯಭಾಮಾ.

ಬದರಿನಾಥರು ಎರಡನ್ನೂ ಬರೆದರು. ಏರ್ಪಾಡು ಇನ್ನೊಂದು ವರ್ಷ ನಡೆಯಲಿ, ಬಾಯಿಬಿಡದ ಮಕ್ಕಳಿಗೆ ಟೀಚರು ಬೇರೆ ದಾರಿ ಹುಡುಕಲಿ ಎಂದು ಕೆಳಗೆ ಸಹಿ ಮಾಡಿದರು. ಹೆಡ್‌ಮಾಸ್ಟರರು ಓದಿ, ಸರಿ, ಒಂದೇ ವರ್ಷ ಎಂದು ಬೀರುವಿಗೆ ಹಾಕಿದರು.

ಸಂಜೆ ಬೆಲ್ಲಾದ ಮೇಲೆ ಸತ್ಯಭಾಮಾ ಸ್ಟೋರ್ ರೂಮಿನ ಮೆಟ್ಟಿಲ ಮೇಲೆ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ಯಾರು ಕಿತ್ತದ್ದು ಅಂತ ಕೇಳಬೇಡಿ ಎಂದು ಸಪ್ಪಲಮ್ಮ ಮೊದಲೇ ಹೇಳಿಕೊಟ್ಟಿದ್ದರು.

"ನಿಧಾನವಾಗಿ ಹೊಲೀರಿ ಮೇಡಂ. ಸೂಜಿ ಅಂಗೀಲಿರೋವರೆಗೂ ಹುಡುಗ್ರಿಗೆ ಎದ್ದು ಓಡೋಕಾಗಲ್ಲ."

ಅಂಗಿಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಬಂದವನು ಗೊಟ್ಟಿಗೆರೆಯಿಂದ ಬಸ್ಸಿನಲ್ಲಿ ಬರುವ ಒಂಬತ್ತನೇ ಕ್ಲಾಸಿನ ಚಲುವರಾಜು. ಹೊಡೆದಾಟದ ಪುಸ್ತಕದಲ್ಲಿ ಒಮ್ಮೆಯೂ ಹೆಸರಿಲ್ಲದ ಹುಡುಗ. ಟೀಚರನ್ನು ಕಂಡು ಹಿಂದೆ ಸರಿದ. ಅವರು ಏನೂ ಕೇಳದೆ ದಾರ ಪೋಣಿಸತೊಡಗಿದರು. ಸ್ವಲ್ಪ ಹೊತ್ತು ನಿಂತು, ಹತ್ತಿರ ಬಂದು ಕೂತ.

ಮೊದಲ ಗುಂಡಿ ಮುಗಿಯುವವರೆಗೂ ಅವನು ನೆಲ ನೋಡುತ್ತಿದ್ದ. ಎರಡನೆಯದಕ್ಕೆ, ಬಿದ್ದೆ ಎಂದ. ಸತ್ಯಭಾಮಾ ಹೂಂ ಎಂದು ಇನ್ನೊಂದು ಸುತ್ತು ಹೆಚ್ಚಿಗೆ ಸುತ್ತಿದರು. ಮೂರನೆಯದಕ್ಕೆ ಸೂಜಿ ಚುಚ್ಚಿದಾಗ ಅವನು ಮೆಲ್ಲಗೆ, "ಬಿದ್ದಿದ್ದಲ್ಲ ಮೇಡಂ," ಎಂದ.

ಆಚೆ ಪೊರಕೆ ಹಿಡಿದಿದ್ದ ಸಪ್ಪಲಮ್ಮ ಗುಡಿಸುವುದನ್ನು ನಿಲ್ಲಿಸಲಿಲ್ಲ. ಅಂಗಳದ ಆ ತುದಿಗೆ ಹೋಗಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದರು.