ಕುರ್ಚಿ ಒಂದು, ಮುದುಕಿ ಒಬ್ಬಳು

ಬಾಡಿಗೆದಾರರ ಸಂಘದಲ್ಲಿ ನನಗೆ ‘ರೂಲ್ಸಮ್ಮ’ ಎಂದು ಹೆಸರು. ಬೆನ್ನ ಹಿಂದೆ ಕರೆಯುತ್ತಾರೆ. ನನಗೆ ಗೊತ್ತು, ಒಳಗೊಳಗೇ ಖುಷಿಯೂ ಇತ್ತು. ಮನೆ ಖಾಲಿ ಮಾಡುವವರ ಜೊತೆ ಹೋಗಿ ಡೆಪಾಸಿಟ್ ವಾಪಸು ಕೊಡಿಸುವುದು ನನ್ನ ಕೆಲಸ. ಸಂಬಳವಿಲ್ಲ, ಹಠ ಬೇಕಾದಷ್ಟಿದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಮನೆ ಮಾಲೀಕರನ್ನು ನೋಡಿಯೇ ಹುಟ್ಟಿರಬೇಕು.

ಆ ದಿನ ಹೋಗಿದ್ದು ದರ್ಜಿ ತಂಗಿಯ ಮನೆಗೆ. ಒಡಹುಟ್ಟಿದವಳಲ್ಲ. ನನ್ನನ್ನು ಅಕ್ಕ ಎನ್ನುತ್ತಾಳೆ, ನನ್ನ ಬಟ್ಟೆ ಹೊಲಿದರೆ ಕೂಲಿ ಮುಟ್ಟುವುದಿಲ್ಲ, ಹಾಗಾಗಿ ತಂಗಿ. ಬಾಡಿಗೆ ನಿಯಂತ್ರಣದ ಕಟ್ಟಡ, ಇದ್ದವರಿಗೆ ಹಳೇ ಕಾಲದ ಕಡಿಮೆ ಬಾಡಿಗೆ. ಮೂರನೇ ಮಹಡಿ, ಒಂದು ದೊಡ್ಡ ಕೋಣೆ, ಒಂದು ಚಿಕ್ಕದು. ಗಂಡ ಬಿಟ್ಟುಹೋದ ಮೇಲೆ ಹತ್ತೊಂಬತ್ತು ವರ್ಷ ಒಬ್ಬಳೇ ಅಲ್ಲಿದ್ದಳು. ಈಗ ಮಂಡಿ ಮೆಟ್ಟಿಲು ಹತ್ತಲು ಒಪ್ಪುತ್ತಿರಲಿಲ್ಲ. ಬೇರೆ ಬೀದಿಯಲ್ಲಿ ನೆಲಮಹಡಿಯ ಒಂಟಿ ಕೋಣೆ ಹಿಡಿದಿದ್ದಳು.

ನಾನು ಹೋದಾಗ ನಡುಮಧ್ಯಾಹ್ನ. ಸಾಮಾನು ತುಂಬಿದ ಟೆಂಪೋ ಬಾಗಿಲಲ್ಲೇ ನಿಂತಿತ್ತು. ಡ್ರೈವರ್ ಮಾತ್ರ ಬಿಸಿಲಲ್ಲಿ ಹೊರಗೆ ನಿಂತಿದ್ದ.

“ಮುಂದಿನ ಸೀಟಲ್ಲಿ ಯಾರನ್ನ ಕೂರಿಸಿದಾರೆ ಮೇಡಂ?” ಅಂದ.

ನೋಡಿದೆ. ಯಾರೂ ಇರಲಿಲ್ಲ. ಸೀಟು ಮಾತ್ರ ಒಂದು ಕಡೆ ತಗ್ಗಿತ್ತು. ಪಕ್ಕದ ಗಾಜಿಗೆ ಒಳಗಿನಿಂದ ಉಸಿರಿನ ಮಂಜು ಕೂತು, ಮಾಸಿ, ಮತ್ತೆ ಕೂರುತ್ತಿತ್ತು. ಬಿಸಿಲ ಝಳಕ್ಕೆ ಏನೇನೋ ಕಾಣುತ್ತದೆ ಅಂದುಕೊಂಡು ಮೆಟ್ಟಿಲು ಹತ್ತಿದೆ.

ಮೇಲೆ ಕಟ್ಟಡದ ಮ್ಯಾನೇಜರ್ ಪಟ್ಟಿ ಹಿಡಿದು ನಿಂತಿದ್ದ. ಮನೆಗೆ ಬರುವಾಗ ಏನೇನಿತ್ತು ಎಂದು ಬರೆದು ಸಹಿ ಹಾಕಿಸಿಕೊಂಡ ಹಳೇ ಪಟ್ಟಿ. ಹೋಗುವಾಗ ಅದಕ್ಕೆ ತಾಳೆ ನೋಡಬೇಕು.

“ಚಿಲಕ ಆರು, ಇದೆ. ನಲ್ಲಿ ಎರಡು, ಇದೆ. ಚಿಕ್ಕ ಕೋಣೆ. ಕುರ್ಚಿ ಒಂದು, ಇದೆ. ಮುದುಕಿ ಒಬ್ಬಳು...” ಕೋಣೆಗೆ ತಲೆ ಹಾಕಿ ನೋಡಿದ. “ಇಲ್ಲ.”

ಕಾಗದ ಕಿತ್ತುಕೊಂಡೆ. ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿತ್ತು: ‘ಮುದುಕಿ ಒಬ್ಬಳು, ಕಿಟಕಿ ಕಡೆ ಮುಖ. ಸ್ಥಿತಿ: ಹಳೆಯದು, ಉಪಯೋಗಕ್ಕೆ ಬರುತ್ತದೆ.’ ಕೆಳಗೆ ದರ್ಜಿ ತಂಗಿಯ ಸಹಿ. ಎಲ್ಲರ ಹಾಗೆ ಅವಳೂ ಅವತ್ತು ಓದದೆ ಹಾಕಿದ್ದಳು.

“ಇದೇನ್ರೀ ತಮಾಷೆ?”

“ನಾನು ಬರ್ದಿದ್ದಲ್ಲ ಮೇಡಂ. ನಮ್ಮಪ್ಪ ಬರ್ದಿದ್ದು. ಅವರೂ ಹಿಂದಿನ ಪಟ್ಟಿ ನೋಡಿ ನಕಲು ಮಾಡಿದ್ದು. ಬರೋವಾಗ ಇತ್ತು, ಹೋಗೋವಾಗ ಇಲ್ಲ. ಡೆಪಾಸಿಟ್ ಪೂರ್ತಿ ಮುರ್ಕೊಳ್ತೀನಿ.” ಅವನ ಮುಖದಲ್ಲಿ ನಗುವಿರಲಿಲ್ಲ.

ದರ್ಜಿ ತಂಗಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಮುರ್ಕೊಳ್ಳಲಿ ಬಿಡಿ ಅಕ್ಕ. ನನಗೆ ಅದೇ ಬೇಕಾಗಿರೋದು.”

“ತಲೆ ಸರಿ ಇದೆಯೇನೇ?”

“ಅಜ್ಜಿ ಇದ್ದಿದ್ದು ನಿಜ. ಮೊದಲು ನಾನೂ ಹೆದರಿ ಸತ್ತೆ. ಆಮೇಲೆ ಕಣ್ಣು ಮಂಜಾಯ್ತು, ಸೂಜಿಗೆ ದಾರ ಏರಿಸೋಕೆ ಆಗ್ತಿರ್ಲಿಲ್ಲ. ಕಿಟಕಿ ಹತ್ರ ಸೂಜಿ ಇಟ್ಟು ಈ ಕಡೆ ತಿರುಗೋದ್ರೊಳಗೆ ಪೋಣಿಸಿ ಇಟ್ಟಿರ್ತಿದ್ರು. ಜ್ವರ ಬಂದಾಗ ಹಣೆ ಮೇಲೆ ತಣ್ಣಗೆ ಕೈ ಇಡ್ತಿದ್ರು. ನನಗೆ ಅಂತ ಇನ್ಯಾರಿದಾರೆ ಹೇಳಿ. ಈಗ ಕೆಳಗೆ ಟೆಂಪೋದಲ್ಲಿ ಕೂತಿದಾರೆ. ಸಂಘದಲ್ಲಿ ನೀವೇ ಹೇಳಿದ್ರಲ್ಲ, ಮಾಲೀಕ ದುಡ್ಡು ಮುರ್ಕೊಂಡ್ರೆ ಆ ವಸ್ತು ಬಾಡಿಗೆದಾರಂದು ಅಂತ. ಡೆಪಾಸಿಟ್ ಹೋದ್ರೆ ಅಜ್ಜಿ ನನ್ನೋರು.”

ಆಗಲೇ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಹತ್ತೊಂಬತ್ತು ವರ್ಷ ಮಿಷನ್ ಜೊತೆ ಒಂಟಿಯಾಗಿ ಕೂತು ಪಾಪ, ಮನಸ್ಸು ಹೀಗಾಗಿದೆ ಅಂದುಕೊಂಡೆ. ಅವಳ ಈ ಭ್ರಮೆಯನ್ನೇ ಹಿಡಿದು ದುಡ್ಡು ನುಂಗಲು ಹೊರಟ ಮ್ಯಾನೇಜರನ ಮೇಲೆ ಮೈಯೆಲ್ಲ ಉರಿಯಿತು. ನಾನು ಹಿಡಿದ ಮೊಲಕ್ಕೆ ಎಂದಿಗೂ ಮೂರೇ ಕಾಲು.

“ಸ್ಥಿತಿ ಹಳೆಯದು ಅಂತ ನಿಮ್ಮ ಪಟ್ಟಿಯೇ ಹೇಳುತ್ತೆ,” ಎಂದು ಅವನೆದುರು ನಿಂತೆ. “ಹತ್ತೊಂಬತ್ತು ವರ್ಷದ ಹಿಂದೆನೇ ಮುದುಕಿ. ಈಗ ಇಲ್ಲ ಅಂದ್ರೆ ಅದು ಸಹಜ ಸವಕಳಿ, ಗೋಡೆ ಬಣ್ಣ ಮಾಸಿದ ಹಾಗೆ. ಸವಕಳಿಗೆ ಒಂದು ಕಾಸೂ ಮುರಿಯೋ ಹಾಗಿಲ್ಲ. ಒಪ್ಪಲ್ಲ ಅಂದ್ರೆ ಬಾಡಿಗೆ ನಿಯಂತ್ರಣ ಕಚೇರಿಗೆ ಹೋಗೋಣ ನಡೀರಿ. ಈ ಸಾಲನ್ನ ಅಧಿಕಾರಿಗಳ ಮುಂದೆ ಜೋರಾಗಿ ಓದಿ.”

ಅವನು ಪಟ್ಟಿಯನ್ನೂ ನನ್ನನ್ನೂ ಎರಡು ಸಲ ನೋಡಿದ. ಕೊನೆಗೆ ಚೀಲದಿಂದ ಡೆಪಾಸಿಟ್ ದುಡ್ಡಿನ ಲಕೋಟೆ ತೆಗೆದ.

“ಅಕ್ಕಾ, ಬೇಡ,” ದರ್ಜಿ ತಂಗಿ ನನ್ನ ಮಣಿಕಟ್ಟು ಹಿಡಿದಳು.

“ನೀನು ಹೀಗೆ ಹೆದರೋದಕ್ಕೇ ಇವರೆಲ್ಲ ತಲೆ ಮೇಲೆ ಹತ್ತಿ ಕೂರೋದು.”

“ಸರಿ ಮೇಡಂ,” ಅಂದ ಮ್ಯಾನೇಜರ್. “ಡೆಪಾಸಿಟ್‌ನಲ್ಲಿ ಏನೂ ಮುರ್ಕೊಂಡಿಲ್ಲ ಅಂದ್ಮೇಲೆ ಪಟ್ಟಿಯಲ್ಲಿರೋದೆಲ್ಲ ಮನೆಗೇ ಸೇರಿದ್ದು. ಒಪ್ಪಿಗೆ ಅಂತ ಸಹಿ ಮಾಡ್ಲಿ, ಕೀಲಿ ಕೊಡ್ಲಿ.”

“ಧಾರಾಳವಾಗಿ,” ಎಂದು ನಾನೇ ಅವಳ ಕೈಗೆ ಪೆನ್ನು ತುರುಕಿದೆ. ಅವಳು ನನ್ನ ಮುಖ ನೋಡಿದಳು. ಅಕ್ಕನ ಮಾತು ಮೀರಿ ಅಭ್ಯಾಸವಿಲ್ಲದವಳು. ಸಹಿ ಹಾಕಿದಳು, ಕೀಲಿ ಕೊಟ್ಟು ಲಕೋಟೆ ತೆಗೆದುಕೊಂಡಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ.

ಕೆಳಗೆ ಟೆಂಪೋ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಡ್ರೈವರ್ ಏನೋ ಕೂಗಿದ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಒಂದು ಹೆಜ್ಜೆ, ಅದರ ಪಕ್ಕಕ್ಕೆ ಇನ್ನೊಂದು, ಮತ್ತೆ ಮೇಲಿನ ಮೆಟ್ಟಿಲು. ಮೊದಲ ಮಹಡಿಯಲ್ಲಿ ನಿಂತು ಏದುಸಿರು ಬಿಟ್ಟಿತು. ಎರಡನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತಿತು. ಮ್ಯಾನೇಜರ್ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡ. ಬಾಗಿಲು ತೆರೆದೇ ಇತ್ತು. ಯಾರೂ ಕಾಣಲಿಲ್ಲ. ಹೆಜ್ಜೆ ನನ್ನ ಮತ್ತು ದರ್ಜಿ ತಂಗಿಯ ನಡುವೆ ಹಾದು ಚಿಕ್ಕ ಕೋಣೆಗೆ ಹೋಯಿತು. ಕುರ್ಚಿಯ ಬೆತ್ತ ಕಿರುಗುಟ್ಟಿತು.

“ಈ ವಯಸ್ಸಲ್ಲಿ ಮೂರು ಮಹಡಿ ಹತ್ತಿಸಿಬಿಟ್ವಲ್ಲ ಅಕ್ಕ,” ಅಂದಳು ದರ್ಜಿ ತಂಗಿ.

ಮ್ಯಾನೇಜರ್ ‘ಇಲ್ಲ’ ಎಂಬುದನ್ನು ಹೊಡೆದು ‘ಇದೆ’ ಎಂದು ಬರೆದ.

“ಈ ಮನೇನ ಮತ್ತೆ ನನಗೇ ಕೊಡಿಸೋಕಾಗುತ್ತಾ? ನಾನು ಹೇಗಾದ್ರೂ ಮೆಟ್ಟಿಲು ಹತ್ಕೋತೀನಿ. ರೂಲ್ಸು ಏನು ಹೇಳುತ್ತೆ ಅಕ್ಕ?”

ರೂಲ್ಸು ನನಗೆ ಬಾಯಿಪಾಠ. ಕೀಲಿ ಒಪ್ಪಿಸಿದ ಗಳಿಗೆಗೆ ಹಳೇ ಬಾಡಿಗೆ ಮುಗಿಯಿತು. ಇನ್ನು ಮಾಲೀಕ ಹೇಳಿದ್ದೇ ದರ. ಅವಳು ಎರಡು ಜನ್ಮ ಹೊಲಿದರೂ ಅದು ಹುಟ್ಟುವುದಿಲ್ಲ.

“ಇಲ್ಲ ಕಣೇ,” ಅಂದೆ.

ಅವಳು ಚಿಕ್ಕ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಒಳಗೆ ಹೋಗಲಿಲ್ಲ, ಮನೆ ಈಗ ಅವಳದಲ್ಲ. ತಿರುಗಿ ಬಂದು ಲಕೋಟೆಯನ್ನು ನನ್ನ ಕೈಯಲ್ಲಿಟ್ಟಳು.

“ಇದು ನೀವೇ ಇಟ್ಕೊಳ್ಳಿ ಅಕ್ಕ. ಗೆದ್ದಿದ್ದು ನೀವು.”

ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ಒಬ್ಬಳೇ ಇಳಿದು ಹೋದಳು.