ಘಾಟಿ ಬಂಗಲೆಯ ಬಾಯಿಲ್ಲದ ಮುಖ

ನಾನು ಒಂದು ಮುಖವಾಡ. ನನ್ನನ್ನು ಕಂಡು ಕಿರುಚಿದವರಿಗೆ ಲೆಕ್ಕವಿಲ್ಲ. ಆದರೆ ಹೆದರಿಸುವುದಕ್ಕೆಂದು ನನ್ನನ್ನು ಯಾರೂ ಮಾಡಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗದಗಿನ ಚಿತ್ರಗಾರ ಯಮನೂರಪ್ಪ ಹಳೇ ಪೇಪರು ನೆನೆಸಿ ಅರೆದು, ಹುಣಸೆಬೀಜದ ಅಂಟು ಕಲಸಿ ನನ್ನನ್ನು ತಟ್ಟಿದ್ದು ಒಂದು ನಾಟಕ ಕಂಪನಿಯ ಹಾಸ್ಯದ ಪಾತ್ರಕ್ಕೆ. ಗುಂಡು ಕೆನ್ನೆ, ಮೇಲೆತ್ತಿದ ಹುಬ್ಬು, ಬಿಳೀ ಸುಣ್ಣದ ಮೈ. ಬಾಯಿ ಬರೆಯುವುದನ್ನು ಅವನು ನಾಳೆಗೆ ಇಟ್ಟುಕೊಂಡ. ಆ ನಾಳೆ ಬರುವುದರೊಳಗೆ ಕಂಪನಿಯೇ ಮುಚ್ಚಿತು.

ಆ ಪಾತ್ರ ಮಾಡಬೇಕಿದ್ದ ಫಕೀರಪ್ಪ ಬಂದು ನನ್ನನ್ನು ಹಾಗೇ, ಬಾಯಿಲ್ಲದೆಯೇ, ಟ್ರಂಕಿಗೆ ಹಾಕಿಕೊಂಡ. ಅವನು ಸ್ಟೇಜಿನ ಮೇಲೆ ಸುಮ್ಮನೆ ಸೀನಿದರೂ ಜನ ಬಿದ್ದು ಬಿದ್ದು ನಗುತ್ತಿದ್ದರಂತೆ. ಈಗ ಕೆಲಸವಿಲ್ಲ. ಹೆಂಡತಿ ದ್ಯಾಮವ್ವನನ್ನು ತವರಿನಲ್ಲಿ ಬಿಟ್ಟು, ಸಿನಿಮಾದಲ್ಲಿ ಏನಾದರೂ ಸಿಕ್ಕೀತೆಂದು ಬೆಂಗಳೂರಿನ ಗಾಂಧಿನಗರದಲ್ಲಿ ಆಫೀಸಿನಿಂದ ಆಫೀಸಿಗೆ ಅಲೆದ. ಶೇಷಗಿರಿ ಎಂಬ ನಿರ್ದೇಶಕರು ಒಬ್ಬ ಕೊಲೆಗಾರನನ್ನು ಹುಡುಕುತ್ತಿದ್ದರು. ಇವನ ಮುಖ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಪಾಪ, ಅವನೂ ಜೊತೆಗೆ ನಕ್ಕ. ಆಮೇಲೆ ಟ್ರಂಕು ತೆರೆದು, ನನ್ನನ್ನು ಕಟ್ಟಿಕೊಂಡು, ಗೋಡೆಗೆ ಒರಗಿ ನಿಂತ. ಏನೂ ಮಾಡಲಿಲ್ಲ. ಕಾಫಿ ತಂದವನು ಲೋಟಗಳನ್ನು ನೆಲದ ಮೇಲೇ ಇಟ್ಟು ಹೊರಗೆ ಹೋಗಿಬಿಟ್ಟ. ನಮ್ಮಿಬ್ಬರಿಗೂ ಕೆಲಸ ಸಿಕ್ಕಿತು.

ಸಿನಿಮಾದ ಹೆಸರು ‘ಘಾಟಿ ಬಂಗಲೆ’. ಕಥೆಯಲ್ಲಿ ಹೆಚ್ಚೇನಿಲ್ಲ. ಕಾಲೇಜಿನ ಹುಡುಗ ಹುಡುಗಿಯರು ಪಿಕ್ನಿಕ್ಕಿಗೆಂದು ಹಳೇ ಬಂಗಲೆಗೆ ಬರುತ್ತಾರೆ, ಬಂದವರನ್ನು ನಾವು ಕುಡುಗೋಲು ಹಿಡಿದು ಒಬ್ಬೊಬ್ಬರಾಗಿ ಮುಗಿಸುತ್ತೇವೆ. ಅವರು ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದರು, ನಾವು ನಿಧಾನ ನಡೆಯುತ್ತಿದ್ದೆವು. ಆದರೂ ನಾವೇ ಮೊದಲು ಮುಟ್ಟುತ್ತಿದ್ದೆವು. ಅದು ಹೇಗೆಂದು ಶೇಷಗಿರಿಯವರನ್ನು ಯಾರೂ ಕೇಳಲಿಲ್ಲ.

ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಕ್ಯಾಮೆರಾದ ಮುಂದೆ ಹೆಣವಾಗಿ ಮಲಗಿದವರು ಶಾಟ್ ಮುಗಿದ ಮೇಲೆ ಸುಮ್ಮನೆ ಎದ್ದು ಹೋಗುವ ಹಾಗಿಲ್ಲ. ಕ್ಯಾಮೆರಾ ನಿಲ್ಲಿಸುವ ಮೊದಲೇ ಎದ್ದು ಕೂತು, ಅದರ ಕಡೆ ನೋಡಿ ನಗಬೇಕು. ಸತ್ತದ್ದು ಸುಳ್ಳು, ಬದುಕಿದ್ದು ನಿಜ ಎಂದು ಫಿಲ್ಮಿನಲ್ಲೇ ದಾಖಲಾಗಬೇಕು. ಇಲ್ಲದಿದ್ದರೆ ಅಪಶಕುನ ಬೆನ್ನು ಹತ್ತುತ್ತದಂತೆ. ಕುತ್ತಿಗೆಗೆ ಕೆಂಪು ಬಣ್ಣ ಮೆತ್ತಿಕೊಂಡ ಮಕ್ಕಳು ಸಾಲಾಗಿ ಎದ್ದು ಹಲ್ಲು ಕಿಸಿಯುವುದನ್ನು ನೋಡುವುದೇ ನನಗೊಂದು ಹಬ್ಬವಾಗಿತ್ತು.

ಕೊನೆಯ ದಿನ ನಮ್ಮ ಸರದಿ. ಕೊಲೆಗಾರ ಬಾವಿಕಟ್ಟೆಯ ಮೇಲೆ ಸತ್ತು ಬೀಳಬೇಕು. ಫಕೀರಪ್ಪ ಬಿದ್ದ, ಸತ್ತ, ಎದ್ದು ಕೂತ, ನಕ್ಕ. ನನ್ನೊಳಗೇ ನಕ್ಕ. ನನ್ನನ್ನು ತೆಗೆಯುವುದು ಅವನಿಗೆ ಹೊಳೆಯಲಿಲ್ಲ. ಶೇಷಗಿರಿಯವರಿಗೂ ಹೊಳೆಯಲಿಲ್ಲ. ಕುಂಬಳಕಾಯಿ ಒಡೆದು, ಆರತಿ ಎತ್ತಿ, ಎಲ್ಲರೂ ಊಟಕ್ಕೆ ಕೂತರು.

ಸಿನಿಮಾ ಓಡಿತು. ಎಂಥ ಓಟ ಅಂತೀರಿ! ನನ್ನನ್ನು ಹುಬ್ಬಳ್ಳಿಯ ಟಾಕೀಸಿನ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅಲ್ಲಿ ಕೂತು ನಾನು ಜನರನ್ನು ಓದಿದೆ. ಒಮ್ಮೆ ನೋಡಿದವರೇ ಮತ್ತೆ ಬರುತ್ತಿದ್ದರು, ಬರುವಾಗ ನೋಡದವರೊಬ್ಬರನ್ನು ಎಳೆದುಕೊಂಡು ಬರುತ್ತಿದ್ದರು. ಒಳಗೆ ಅವರು ಪರದೆ ನೋಡುವುದೇ ಇಲ್ಲವಂತೆ, ಪಕ್ಕದವರು ಯಾವಾಗ ಬೆಚ್ಚುತ್ತಾರೆಂದು ಅವರ ಮುಖ ನೋಡುತ್ತಾ ಕೂರುತ್ತಾರಂತೆ. ಒಳಗೆ ಹೋಗುವಾಗ ನನ್ನ ಮುಂದೆ ಮೆಲ್ಲಗೆ ಹೆಜ್ಜೆ ಇಟ್ಟವರು ಹೊರಗೆ ಬರುವಾಗ ನನ್ನ ಗಾಜಿಗೆ ಕುಟ್ಟಿ, ಅಣಕಿಸಿ, ಗಲಗಲ ಮಾತಾಡುತ್ತಾ ಹೋಗುತ್ತಿದ್ದರು.

ದ್ಯಾಮವ್ವ ಬಂದದ್ದು ಒಂದು ಮ್ಯಾಟಿನಿಗೆ. ಅವಳು ಕಂಪನಿ ಬಿಡಾರದಲ್ಲೇ ಬೆಳೆದವಳು, ಬಣ್ಣದವರ ಪದ್ಧತಿಗಳೆಲ್ಲ ಗೊತ್ತು. ಆಟ ಮುಗಿದ ಮೇಲೆ ನನ್ನ ಪೆಟ್ಟಿಗೆಯ ಪಕ್ಕದಲ್ಲೇ ಗಂಡನನ್ನು ನಿಲ್ಲಿಸಿ ಕೇಳಿದಳು.

“ಸತ್ತ ಶಾಟ್ ಆದಮ್ಯಾಲೆ ನಕ್ಕೀರಿಲ್ಲೋ?”

“ನಕ್ಕೀನಿ.”

“ಯಾರು ನೋಡ್ಯಾರ?”

ಫಕೀರಪ್ಪ ನನ್ನ ಕಡೆ ತಿರುಗಿದ. ನನಗೆ ಬಾಯಿದ್ದರೆ ಏನಾದರೂ ಹೇಳುತ್ತಿದ್ದೆ.

ಅಂದಿನಿಂದ ದ್ಯಾಮವ್ವನಿಗೆ ನೆಮ್ಮದಿ ಇಲ್ಲ. ಫಿಲ್ಮಿನಲ್ಲಿ ಗಂಡ ಸತ್ತವನು ಸತ್ತ ಹಾಗೇ ಇದ್ದಾನೆ, ಎದ್ದದ್ದನ್ನು ಕ್ಯಾಮೆರಾ ಕಂಡಿಲ್ಲ. ಓಟ ಮುಗಿದು ನಾನು ಅವರ ಮನೆ ಸೇರಿದಾಗ ನನ್ನನ್ನು ಕೈಯಿಂದ ಮುಟ್ಟಲಿಲ್ಲ, ಕಸಬರಿಗೆ ಹಿಡಿಯಿಂದ ತಳ್ಳಿ ಅಟ್ಟಕ್ಕೆ ಏರಿಸಿದಳು. ಫಕೀರಪ್ಪನಿಗೆ ಕಾಮಾಲೆಯಾದರೆ ಅಟ್ಟದ ಕಡೆ ನೋಡುತ್ತಿದ್ದಳು. ಅವನು ಬಸ್ಸಿನಿಂದ ಜಾರಿ ಬಿದ್ದರೂ ಅಟ್ಟದ ಕಡೆಗೇ ನೋಡುತ್ತಿದ್ದಳು. ಎಲ್ಲದಕ್ಕೂ ನಾನೇ ಕಾರಣ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಎಮ್ಮೆ ನಾನು. ಆದರೂ ಅವಳ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಹೆದರಿಕೆ ಎಂದರೇನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

‘ಮತ್ತೆ ಘಾಟಿ ಬಂಗಲೆ’ ಮಾಡುವಾಗ ಈ ಸಲ ಸರಿಯಾಗಿ ಸತ್ತು ಸರಿಯಾಗಿ ನಕ್ಕು ಬನ್ನಿ ಎಂದು ಅವಳೇ ಗಂಡನನ್ನು ಕಳಿಸಿದಳು. ಆದರೆ ಅದರಲ್ಲಿ ಕೊಲೆಗಾರ ಬೆಂಕಿಯೊಳಗೆ ಮಾಯವಾಗುತ್ತಾನೆ, ಹೆಣವೇ ಇಲ್ಲ. ನನ್ನನ್ನು ತೆಗೆಯುವುದಕ್ಕೂ ನಿರ್ಮಾಪಕರು ಬಿಡಲಿಲ್ಲ. ಕೊಲೆಗಾರನ ನಿಜವಾದ ಮುಖ ಗುಟ್ಟಾಗಿದ್ದರೇ ಟಿಕೆಟ್ಟು ಹೋಗುವುದು ಎಂಬುದು ಅವರ ವಾದ. ಮೂರನೆಯದು ‘ಘಾಟಿ ಬಂಗಲೆಯ ಮಗ’. ಆ ಮಗ ಹೇಗೆ ಹುಟ್ಟಿದನೋ ದೇವರೇ ಬಲ್ಲ. ಅದಕ್ಕೆ ನನ್ನನ್ನೂ ಫಕೀರಪ್ಪನನ್ನೂ ಬಿಟ್ಟು, ಮದರಾಸಿನಿಂದ ಕೋರೆಹಲ್ಲಿನ ರಬ್ಬರು ಮುಖ ತರಿಸಿದರು. ಅದು ಹಲ್ಲು ತೋರಿಸಿದಷ್ಟೂ ಜನ ಗೇಲಿ ಮಾಡಿ ಸಿಳ್ಳೆ ಹೊಡೆದರಂತೆ, ಹಳೇ ಮುಖ ಎಲ್ಲಿ ಎಂದು ಕೂಗಿದರಂತೆ. ಅಟ್ಟದ ಮೇಲೆ ಈ ಸುದ್ದಿ ಕೇಳಿ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ.

ವರ್ಷಗಳು ಉರುಳಿದವು. ಫಕೀರಪ್ಪನಿಗೆ ಎದೆನೋವು ಬಂತು. ಬೈಪಾಸ್ ಆಗಲೇಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ದ್ಯಾಮವ್ವ ಒಪ್ಪಲಿಲ್ಲ. ನೆಂಟರು ಬೈದರು, ಡಾಕ್ಟರು ಚಿತ್ರ ಬರೆದು ತೋರಿಸಿದರು. ಅವಳದು ಒಂದೇ ಮಾತು. “ಸಿನಿಮಾದಾಗ ಸತ್ತಾಂವ ಸತ್ತಂಗ ಅದಾನ. ಮದ್ಲ ಅವನ್ನ ಎಬ್ಬಸ್ರಿ, ಆಮ್ಯಾಲೆ ಎದಿ ಕೊಯ್ರಿ.” ಫಕೀರಪ್ಪ ಮೊದಮೊದಲು ತಮಾಷೆ ಮಾಡಿದ. ಆದರೆ ದಿನ ಕಳೆದಂತೆ ಅವನ ಕಣ್ಣೂ ಅಟ್ಟದ ಕಡೆ ಹೊರಳತೊಡಗಿತು. ಆಗ ನನಗೂ ಭಯವಾಯಿತು. ಸುಣ್ಣ ಉದುರುತ್ತಿದ್ದ ನನ್ನಂಥ ಕಾಗದದ ತುಂಡಿನಿಂದ ಒಬ್ಬ ಮನುಷ್ಯನ ಜೀವ ಹೋಗುವುದೇ?

ಅದೇ ವಾರ ಶಾಂಭವಿ ಎಂಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ನಾಲ್ಕನೇ ಘಾಟಿ ಬಂಗಲೆ ಮಾಡುತ್ತಿದ್ದಾಳೆ, ಅವಳೇ ನಿರ್ದೇಶಕಿ, ಅವಳಿಗೆ ಹಳೇ ಮುಖವೇ ಬೇಕು. ಚಿಕ್ಕವಳಿದ್ದಾಗ ಮೊದಲನೆಯದನ್ನು ಅತ್ತೆಯ ಸೆರಗಿನ ಮರೆಯಿಂದ ನೋಡಿದ್ದಳಂತೆ, ಈಗಲೂ ನೋಡುತ್ತಾಳಂತೆ. ಅಂಥಾದ್ದನ್ನ ಮತ್ತೆ ಮತ್ತೆ ಯಾಕ ನೋಡ್ತೀಯವಾ ಎಂದು ದ್ಯಾಮವ್ವ ಬೇಸರದಿಂದ ಕೇಳಿದಳು.

“ಹೆದರೋಕಲ್ಲ ಅಮ್ಮ,” ಎಂದಳು ಶಾಂಭವಿ. “ಹೆದರಿ ಮುಗಿಸೋಕೆ. ಮನೆಗೆ ಬಂದು ನಿದ್ದೆ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ?”

ದ್ಯಾಮವ್ವ ತಲೆ ಎತ್ತಿ ಅಟ್ಟದ ಕಡೆ ನೋಡಿದಳು. ಆಮೇಲೆ ನನ್ನನ್ನು ಕೊಡುವುದಕ್ಕೆ ಒಂದು ಷರತ್ತು ಹಾಕಿದಳು. ಕೊಲೆ ಯಾರಾದರೂ ಮಾಡಲಿ, ಕೊನೆಗೆ ಸಾಯುವವನು ಫಕೀರಪ್ಪನೇ ಆಗಬೇಕು. ಸತ್ತು, ಮುಖವಾಡ ತೆಗೆದು, ನಗಬೇಕು. ಅಷ್ಟಾದರೆ ಅಲ್ಲಿಂದಲೇ ಆಸ್ಪತ್ರೆಗೆ.

ಮೊದಲು ಆ ಶಾಟನ್ನೇ ಇಟ್ಟುಕೊಂಡರು. ಫಕೀರಪ್ಪ ನೆಲದ ಮೇಲೆ ಮೆತ್ತಗೆ ಮಲಗಿದ, ಸತ್ತ. ಎದ್ದು ಕೂತು ನನ್ನನ್ನು ಬಿಚ್ಚಿ ಪಕ್ಕಕ್ಕಿಟ್ಟ. ಕ್ಯಾಮೆರಾ ಓಡುತ್ತಿತ್ತು. ನಗು ಬರಲಿಲ್ಲ. ಜನ್ಮವಿಡೀ ಊರನ್ನೆಲ್ಲ ನಗಿಸಿದವನು ಕೆನ್ನೆ ಉಬ್ಬಿಸಿದ, ಹುಬ್ಬು ಏರಿಸಿದ. ಹಲ್ಲು ಬಿಟ್ಟು ನೋಡಿದ.

“ಅದು ನಗಿ ಅಲ್ಲ, ಹಲ್ಲುಬ್ಯಾನಿ,” ಎಂದಳು ಕ್ಯಾಮೆರಾದ ಹಿಂದೆ ನಿಂತಿದ್ದ ದ್ಯಾಮವ್ವ.

ಆಗ ಅವಳು ದಡದಡ ಮುಂದೆ ಬಂದಳು. ಬಗ್ಗಿ, ನನ್ನನ್ನು ಎರಡೂ ಕೈಯಿಂದ ಎತ್ತಿದಳು. ತನ್ನ ಮುಖಕ್ಕೇ ಹಿಡಿದುಕೊಂಡು, ಕುಬಸದ ತೋಳು ಮೇಲೇರಿಸಿ, ಸೊಂಟಕ್ಕೆ ಒಂದು ಕೈ ಇಟ್ಟು ಗಂಡನ ಕಡೆ ನಿಧಾನ ನಡೆದಳು. “ಏಳ್ರೀ ಇನ್ನ,” ಎಂದಳು ನನ್ನೊಳಗಿನಿಂದ. “ಎಷ್ಟೊತ್ತು ಸಾಯ್ತೀರಿ?”

ಫಕೀರಪ್ಪನ ಹೊಟ್ಟೆಯಿಂದ ಎದ್ದು ಬಂದ ಆ ನಗುವಿಗೆ ದೀಪ ಹಿಡಿದವರು, ಕ್ಯಾಮೆರಾದವರು, ಶಾಂಭವಿ, ಎಲ್ಲರೂ ಸೋತರು. ಅವನು ನೆಲಕ್ಕೆ ಕೈಯೂರಿಕೊಂಡು, ಕೆಮ್ಮಿ ಕೆಮ್ಮಿ ನಕ್ಕ. ಕ್ಯಾಮೆರಾ ಅಷ್ಟನ್ನೂ ಕಂಡಿತು. ನನ್ನೊಳಗೆ ದ್ಯಾಮವ್ವನ ಕೆನ್ನೆ ಮಾತ್ರ ಒದ್ದೆಯಾಗಿತ್ತು. ಅದನ್ನು ಯಾರಿಗೂ ತೋರಿಸದೆ ಹಾಗೇ ಮುಚ್ಚಿಕೊಂಡು ನಿಂತೆ. ನನ್ನ ಬಾಳಿನಲ್ಲಿ ನಾನು ಮಾಡಿದ ಒಳ್ಳೆಯ ಪಾತ್ರ ಅದೊಂದೇ ಇರಬೇಕು.

ಆಪರೇಶನ್ ಚೆನ್ನಾಗಿ ಆಯಿತು. ಸಿನಿಮಾ ಬಂದಾಗ ಶಾಂಭವಿ ಕೊನೆಯಲ್ಲಿ ಸತ್ತವರೆಲ್ಲ ಎದ್ದು ನಗುವುದನ್ನು ಜೋಡಿಸಿದ್ದಳು. ಟಾಕೀಸಿನ ಜನ ಎದ್ದು ಹೋಗುವುದನ್ನು ಬಿಟ್ಟು ನಿಂತಲ್ಲೇ ಅವರ ಜೊತೆ ನಕ್ಕರೆಂದು ಫಕೀರಪ್ಪ ಬಂದವರಿಗೆಲ್ಲ ಹೇಳುತ್ತಾನೆ. ಈಗ ಐದನೆಯದರ ಮಾತು ನಡೆಯುತ್ತಿದೆಯಂತೆ. ನನ್ನಿಂದ ಆಗದು, ಅಂಚೆಲ್ಲ ಸೀಳಿದೆ.

ನನ್ನನ್ನು ಪಡಸಾಲೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ವಾರಕ್ಕೊಮ್ಮೆ ದ್ಯಾಮವ್ವ ಸೆರಗಿನಿಂದ ಧೂಳು ಒರೆಸುತ್ತಾಳೆ. ಫಕೀರಪ್ಪ ಸಂಜೆ ತಿರುಗಾಡಲು ಹೋಗಿ ತಡಮಾಡಿದರೆ ಅವಳಿಗೆ ಈಗಲೂ ಗಾಬರಿಯೇ. ಆದರೆ ನನ್ನ ಕಡೆ ನೋಡುವುದಿಲ್ಲ. ಬಾಗಿಲ ಕಡೆ ನೋಡುತ್ತಾಳೆ.