ಪೆನ್ಸಿಲ್ಲಿನಲ್ಲಿ ಬರೆದ ತಾರೀಖು

ಹೊಸ ವಕೀಲರ ತರಬೇತಿ ನಡೆಯುತ್ತಿದ್ದದ್ದು ಮೂರು ತಿಂಗಳ ಹಿಂದೆ ತೀರಿಕೊಂಡ ವಕೀಲರೊಬ್ಬರ ಕಚೇರಿಯಲ್ಲಿ. ಅವರ ಕುರ್ಚಿಯನ್ನು ಗೋಡೆಗೆ ಸರಿಸಿದ್ದರೂ ಯಾರೂ ಅದರಲ್ಲಿ ಕೂರುತ್ತಿರಲಿಲ್ಲ. ಡ್ರಾಯರ್ ಎಳೆದರೆ ಈಗಲೂ ಪೆನ್ಸಿಲ್ ಹೆರೆದ ವಾಸನೆ.

"ವಾದ ಮಾಡೋದು ಆಮೇಲೆ. ಮೊದಲು ಡೈರಿ ಇಡೋದು ಕಲೀರಿ," ಎಂದರು ಪಾಠ ಹೇಳುತ್ತಿದ್ದ ಹಿರಿಯ ವಕೀಲರು. ಸತ್ತವರ ಡೈರಿಯನ್ನು, ಅದರಿಂದ ಗುಮಾಸ್ತರು ಇಳಿಸಿಕೊಂಡ ಕೇಸಿನ ತಾರೀಖುಗಳ ಪಟ್ಟಿಯೊಂದಿಗೆ ತಾಳೆ ನೋಡುವುದೇ ಆ ಮಧ್ಯಾಹ್ನದ ಅಭ್ಯಾಸ.

ಡೈರಿ ಕೈಯಿಂದ ಕೈಗೆ ದಾಟಿ ಗುಬ್ಬಿಯ ಮುಂದೆ ಬಂತು. ಬಾಯಿಬಿಟ್ಟರೆ ಮುತ್ತು ಉದುರೀತು ಎಂಬಂತಿದ್ದವಳಿಗೆ ಗೆಳತಿಯರು ಇಟ್ಟ ಹೆಸರು ಅದು. ಅವಳ ಪಾಲಿಗೆ ಬಂದದ್ದು ಈ ವಾರದ ಪುಟಗಳು. ಇವತ್ತಿನ ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ, ಹಾಳೆ ತೂತಾಗುವಷ್ಟು ಒತ್ತಿ ಬರೆದಿತ್ತು: 'ಮೇಲ್ಮನವಿಗೆ ಕೊನೇ ದಿನ. ಮಗುವಿನ ಸುಪರ್ದಿ, ತಾಯಿ ಪರ.'

ಪಟ್ಟಿಯಲ್ಲಿ ಅದಿರಲಿಲ್ಲ.

"ವಕಾಲತ್ತಿಗೆ ಕಕ್ಷಿದಾರರ ಸಹಿ ಆಗೋವರೆಗೂ ಅವರು ಪೆನ್ಸಿಲ್ಲಲ್ಲೇ ಬರೀತಿದ್ರಂತೆ ಕಣೇ," ಪಕ್ಕದವಳು ಪಿಸುಗುಟ್ಟಿದಳು. "ಗುಮಾಸ್ತರು ಶಾಯೀದು ಮಾತ್ರ ಇಳಿಸ್ಕೊಂಡಿದಾರೆ. ಬಿಡೇ, ನಮ್ಮ ಗಂಟೇನು ಹೋಗುತ್ತೆ?"

ಗುಬ್ಬಿಗೆ ಹೊರಗಿನ ಬೆಂಚು ನೆನಪಾಯಿತು. ಹೊತ್ತು ಏರಿದಾಗಿನಿಂದ ಅಲ್ಲೊಬ್ಬ ಹೆಂಗಸು, ಎದೆಗವಚಿದ ಉದ್ದನೆಯ ಲಕೋಟೆ. ಪಕ್ಕದ ಕಚೇರಿಗೆ ಬಂದವಳೆಂದು ಎಲ್ಲರೂ ದಾಟಿಕೊಂಡು ಬಂದಿದ್ದರು.

ಗಂಟೆ ಎರಡೂವರೆ. ಎದುರು ರಸ್ತೆಯ ನ್ಯಾಯಾಲಯದಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ನಾಲ್ಕೂವರೆಗೆ ಮುಚ್ಚುತ್ತದೆ. ಗುಬ್ಬಿ ಗೋಡೆಯ ಕಡೆ ನೋಡಬಾರದೆಂದುಕೊಂಡೇ ನೋಡಿದಳು. ಆ ಕುರ್ಚಿ ಬರಿದಾಗಿತ್ತು; ಆದರೂ ಅಲ್ಲಿಂದ ಯಾರೋ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಎದ್ದು ನಿಂತಳು.

"ಸಾರ್..."

"ಜೋರಾಗಿ ಹೇಳಮ್ಮ. ಜಡ್ಜಿಗೂ ಹೀಗೇ ಚಿಂವ್ ಅಂತೀಯಾ?"

ಎಲ್ಲರೂ ನಕ್ಕರು.

"ಇವತ್ತು ಒಂದು ಮಗು ತಾಯಿ ಕೈತಪ್ಪುತ್ತೆ, ಸಾರ್."

ನಗು ನಿಂತಿತು. ಗುಬ್ಬಿ ಡೈರಿಯ ಪೆನ್ಸಿಲ್ ಸಾಲು ತೋರಿಸಿ, ಹೊರಗಿನ ಬೆಂಚಿನತ್ತ ಕೈ ಮಾಡಿದಳು.

ಒಳಗೆ ಕರೆದಾಗ ಹೆಂಗಸು ಲಕೋಟೆ ಚಾಚಿದಳು. "ತೀರ್ಪಿನ ನಕಲು ಸಿಕ್ಕಿದ ತಕ್ಷಣ ಬಾ, ಸಹಿ ಹಾಕಿಸ್ಕೋತೀನಿ ಅಂದಿದ್ರು. ಬೆಳಿಗ್ಗೆ ಕೈಗೆ ಬಂತು. ಅವರಿನ್ನೂ ಬರ್ಲಿಲ್ವಾ?"

ಹಿರಿಯರು ಲಕೋಟೆ ಬಿಚ್ಚಿ ತೀರ್ಪಿನ ತಾರೀಖು ನೋಡಿದರು.

"ಅವರು ಇನ್ನು ಬರಲ್ಲಮ್ಮ," ಎಂದಳು ಗುಬ್ಬಿ. "ನಾವಿದೀವಿ. ಇಲ್ಲಿ ಸಹಿ ಹಾಕಿ."

ಒಬ್ಬಳು ಬೆರಳಚ್ಚಿಗೆ ಕೂತಳು, ಇನ್ನೊಬ್ಬಳು ನಕಲು ಜೋಡಿಸಿದಳು, ಹಿರಿಯರು ನಿಂತಲ್ಲೇ ತಿದ್ದಿದರು. ಕಿಟಕಿ ಮುಚ್ಚಲು ಐದು ನಿಮಿಷವಿದೆ ಎನ್ನುವಾಗ ಮೇಲ್ಮನವಿಯ ಮೇಲೆ ನ್ಯಾಯಾಲಯದ ಮೊಹರು ಬಿತ್ತು.

ಕಚೇರಿಗೆ ಮರಳಿದಾಗ ಹಿರಿಯರು ಡೈರಿ ತೆರೆದಿಟ್ಟರು. "ವಕಾಲತ್ತು ಆಯ್ತಲ್ಲ. ಶಾಯಿ ಹಾಕು."

ಗುಬ್ಬಿ ಪೆನ್ಸಿಲ್ ಅಕ್ಷರದ ಮೇಲೆ ಪೆನ್ನು ಇಟ್ಟಳು. ಒತ್ತಿ ಬರೆದ ಗೆರೆಗಳ ತಗ್ಗಿನಲ್ಲಿ ಅದು ತಾನಾಗಿ ಸಾಗಿತು. ಕೊನೆಯ ಅಕ್ಷರಕ್ಕೆ ಬಂದಾಗ ಅವಳು ಹಿಡಿತ ಸಡಿಲಿಸಿದಳು.

ಪೆನ್ನು ಮಾತ್ರ, ಅಕ್ಷರ ಮುಗಿಯುವವರೆಗೂ, ನಿಲ್ಲಲಿಲ್ಲ.